ಎರಡು ತಿಂಗಳ ಮಗುವನ್ನೂ ಕೈರೋಪ್ರಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕಾ?

ಹಾಸನದ ಸೊಸೆ:
ಎಲ್ಲರಿಗೂ ನಮಸ್ಕಾರ. ನಾವು ಇರುವುದು ಡಲ್ಲಾಸ್ ಹತ್ತಿರ. ನಮ್ಮನೆಯವರಿಗೆ ಸೊಂಟ ಹಿಡಿದುಕೊಂಡಿದೆ. ಮಗು ಮಲಗಿದ್ದ ಕಾರ್ ಸೀಟನ್ನು ಬಗ್ಗಿ ಎತ್ತುವಾಗ ಚಳುಕು ಹೊಡೆಯಿತು, ಈಗ ಸಾಕ್ಸ್ ಬೇಕಾದರೂ ಮಂಚದ ಮೇಲೆ ಮಲಗಿಯೇ ಹಾಕಿಕೊಳ್ಳುತ್ತಾರೆ. ಆಫೀಸಿನಲ್ಲಿ ಯಾರೋ ಹೇಳಿದರು ಅಂತ ಒಬ್ಬ ಕೈರೋಪ್ರಾಕ್ಟರ್ ಹತ್ತಿರ, ಅಂದರೆ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರ ಹತ್ತಿರ, ಹೋದೆವು. ಬೆನ್ನು ಒತ್ತಿ ಲಟಕ್ ಅನ್ನಿಸಿದರು, ಸ್ವಲ್ಪ ಹಗುರಾಗಿದ್ದು ನಿಜ. ಆದರೆ ಹೊರಡುವಾಗ ಇಡೀ ಮನೆಗೆ ಒಂದು ವರ್ಷದ ಪ್ಯಾಕೇಜ್ ಅಂತ ಕಾಗದ ಕೊಟ್ಟರು. ನಾನು, ಏಳು ವರ್ಷದ ಮಗಳು, ಎರಡು ತಿಂಗಳ ಮಗ, ಎಲ್ಲರೂ ಸೇರಿ!

ಮಗ ಸಂಜೆಯಾದರೆ ಸಾಕು, ಕಾಲು ಮಡಚಿಕೊಂಡು ಮುಖ ಕೆಂಪಗೆ ಮಾಡಿಕೊಂಡು ಅಳುತ್ತಾನೆ. ಹೆರಿಗೆಯಲ್ಲಿ ಬೆನ್ನುಮೂಳೆ ಸರಿದಿರುತ್ತದೆ, ಅದಕ್ಕೇ ಅಳು ಅಂತ ಆ ಕೈರೋಪ್ರಾಕ್ಟರ್ ಅಂದರು. ಬಾಣಂತನಕ್ಕೆ ಬಂದಿರುವ ಅತ್ತೆ ಬಜೆ ತೇಯ್ದು ನೆಕ್ಕಿಸೋಣ ಅಂತಿದ್ದಾರೆ. ಮಾತ್ರೆ ಕಡಿಮೆ, ಮನೆಮದ್ದು ಜಾಸ್ತಿ ಅನ್ನುವ ಮನೆ ನಮ್ಮದು. ಆದರೂ ಇಷ್ಟು ಚಿಕ್ಕ ಮಗುವಿನ ಬೆನ್ನು ಯಾರ ಕೈಗಾದರೂ ಕೊಡುವುದಕ್ಕೆ ಭಯವಾಗುತ್ತಿದೆ. ತಿಳಿದವರು ಹೇಳಿ.

ಮೈಸೂರು ಫಿಜಿಯೋ:
ಮೊದಲು ನಿಮ್ಮ ಯಜಮಾನರ ವಿಷಯ. ದೊಡ್ಡವರ ಸೊಂಟ ನೋವಿಗೆ ಕೈರೋಪ್ರಾಕ್ಟರ್ ಹತ್ತಿರ ಹೋಗುವುದು ತಪ್ಪೇನಲ್ಲ. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಕೊಟ್ಟ ಸಲಹೆಯಲ್ಲಿ, ಹೊಸದಾಗಿ ಬಂದ ಸೊಂಟ ನೋವಿಗೆ ಮಾತ್ರೆಗಿಂತ ಮೊದಲು ಬಿಸಿ ಶಾಖ, ಮಸಾಜ್, ಅಕ್ಯುಪಂಕ್ಚರ್, ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಸಡಿಲಿಸುವುದು, ಇವನ್ನು ನೋಡಿ ಅಂತಿದೆ. ಅಂದರೆ ಇರುವ ದಾರಿಗಳಲ್ಲಿ ಅದೂ ಒಂದು, ಅಷ್ಟೇ. ಇಂಥ ನೋವು ಬಹಳ ಜನಕ್ಕೆ ಕೆಲವು ವಾರದಲ್ಲಿ ತಾನಾಗಿ ಇಳಿಯುತ್ತದೆ. ಆಮೇಲೂ ವರ್ಷಪೂರ್ತಿ ಬನ್ನಿ ಅಂದರೆ ಯಾಕೆ ಅಂತ ಕೇಳಬೇಕು.

ಆ ಲಟಕ್ ಸದ್ದು ಮೂಳೆ ಜಾಗಕ್ಕೆ ಕೂತ ಸದ್ದಲ್ಲ. ಬೆರಳು ನೆಟಿಗೆ ತೆಗೆದಾಗ ಬರುತ್ತದಲ್ವಾ, ಅದೇ ಇದು. ಕೀಲಿನೊಳಗಿನ ದ್ರವದಲ್ಲಿ ಗಾಳಿಗುಳ್ಳೆಯಿಂದ ಆಗುವಂಥದ್ದು. 1895ರಲ್ಲಿ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡಿ.ಡಿ. ಪಾಮರ್ ಈ ಪದ್ಧತಿ ಶುರು ಮಾಡಿದಾಗ, ಹೆಚ್ಚಿನ ಕಾಯಿಲೆಗೆಲ್ಲ ಸರಿದ ಮೂಳೆಯೇ ಕಾರಣ ಅಂತ ನಂಬಿದ್ದರು. ಮಗುವಿನ ಅಳುವಿಗೂ ಬೆನ್ನಿಗೂ ಗಂಟು ಹಾಕುವ ಮಾತು ಬಂದಿದ್ದು ಅಲ್ಲಿಂದ. ಅದಕ್ಕೆ ಪುರಾವೆ ನಿಂತಿಲ್ಲ.

ಮನೆಯಲ್ಲಿ ಬಿಸಿ ನೀರಿನ ಬ್ಯಾಗ್ ಇಟ್ಟುಕೊಳ್ಳಲಿ, ಹಾಸಿಗೆ ಹಿಡಿದು ಮಲಗದೆ ಮನೆಯೊಳಗೇ ಓಡಾಡಲಿ. ಕತ್ತು ತಟ್ಟನೆ ತಿರುಗಿಸುವುದು ಮಾತ್ರ ಬೇಡ ಅಂತ ಮೊದಲೇ ಹೇಳಿಬಿಡಲಿ. ಅಪರೂಪಕ್ಕೆ ಕತ್ತಿನ ರಕ್ತನಾಳ ಒಳಗೆ ಹರಿದು ಸ್ಟ್ರೋಕ್ ಆಗಿರುವುದುಂಟು. ಕಾಲಿಗೆ ಬಲ ಇಲ್ಲ ಅನ್ನಿಸಿದರೆ, ಮೂತ್ರ ಕಟ್ಟಿದರೆ ಇಲ್ಲವೇ ತಡೆಯೋಕೆ ಆಗದಿದ್ದರೆ, ಕೂರುವ ಜಾಗ ಮರಗಟ್ಟಿದರೆ ಯಾವ ಕೈರೋಪ್ರಾಕ್ಟರೂ ಬೇಡ, ಫಿಜಿಯೋನೂ ಬೇಡ, ಸೀದಾ ಎಮರ್ಜೆನ್ಸಿಗೆ ಹೋಗಿ.

ಶಿವಮೊಗ್ಗ ಟು ನ್ಯೂಜೆರ್ಸಿ:
ನನ್ನ ಸೊಂಟಕ್ಕೂ ಹೋಗಿದ್ದೆ, ಉಪಯೋಗ ಆಯಿತು. ನನಗೆ ಸಿಕ್ಕವರು ನಾಲ್ಕೈದು ಸಲ ಬನ್ನಿ, ಆಮೇಲೆ ಈ ವ್ಯಾಯಾಮ ಮಾಡಿಕೊಳ್ಳಿ ಅಂತ ಕಳಿಸಿಕೊಟ್ಟರು. ಅಂಥವರನ್ನು ಹುಡುಕಿ. ಮೊದಲ ದಿನವೇ ವರ್ಷದ ಕಾಂಟ್ರ್ಯಾಕ್ಟ್‌ಗೆ ಸಹಿ ಕೇಳುವವರ ಹತ್ತಿರ ಸುಮ್ನೆ ದುಡ್ಡು ಕಟ್ಟಬೇಡಿ. ಇನ್ಶೂರೆನ್ಸ್‌ನಲ್ಲಿ ಎಷ್ಟು ವಿಸಿಟ್ ಅಂತಲೂ ಕೇಳಿಕೊಳ್ಳಿ.

ನಮ್ಮೂರ ಕಡೆ ಉಳುಕು ತೆಗೆಯುವವರು ಇರಲಿಲ್ವಾ, ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಒದೆಸಿಕೊಳ್ಳುವುದು ಕೂಡ ನೋಡಿದ್ದೇನೆ. ಆದರೆ ಅವರೂ ಎಳೆಮಗುವಿನ ಬೆನ್ನು ಮುಟ್ಟುತ್ತಿರಲಿಲ್ಲ. ಏಳು ವರ್ಷದ ಮಗಳಿಗೆ ನೋವೇ ಇಲ್ಲದಿದ್ದರೆ ಯಾವ ಚಿಕಿತ್ಸೆ? ಅವಳನ್ನು ಆಡೋಕೆ ಬಿಡಿ.

ಮಕ್ಕಳ ವಾರ್ಡ್ ನರ್ಸ್, ಮಂಗಳೂರು:
ತಂಗೀ, ಪುಟ್ಟ ಮಗುವಿಗೆ ಖಂಡಿತ ಬೇಡ. ಸಂಜೆ ಅಳು ಸಾಮಾನ್ಯವಾಗಿ ಎರಡು ಮೂರು ವಾರಕ್ಕೆ ಶುರುವಾಗಿ, ಆರನೇ ವಾರದ ಹೊತ್ತಿಗೆ ಜೋರಾಗಿ, ಮೂರು ನಾಲ್ಕು ತಿಂಗಳಿಗೆ ತಾನೇ ಹೋಗುತ್ತದೆ. ಆ ಹೊತ್ತಿಗೆ ಯಾವ ಚಿಕಿತ್ಸೆ ನಡೆಯುತ್ತಿರುತ್ತದೋ ಅದಕ್ಕೇ ಹೆಸರು ಬರುತ್ತದೆ. ಹಾಲು ಕುಡಿಸಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ. ಅತ್ತೆಯವರು ಕೈ ಬೆಚ್ಚಗೆ ಮಾಡಿಕೊಂಡು ಸ್ವಲ್ಪ ಕೊಬ್ಬರಿ ಎಣ್ಣೆಯಲ್ಲಿ ಹೊಟ್ಟೆ ಮೇಲೆ ಮೆಲ್ಲಗೆ ಸುತ್ತ ಸವರಲಿ, ಕಾಲನ್ನು ಸೈಕಲ್ ತುಳಿಸಿದ ಹಾಗೆ ಆಡಿಸಲಿ. ಕೈಕಾಲು ಜಗ್ಗುವುದು, ಮೂಗಿಗೆ ಕಿವಿಗೆ ಎಣ್ಣೆ ಬಿಡುವುದು ಬೇಡ. ಮೂಗಿನ ಎಣ್ಣೆ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು.

ಬಜೆ ಬೇಡ ಅಂತ ಅತ್ತೆಗೆ ನಿಧಾನವಾಗಿ ಹೇಳಿ. ಅಮೆರಿಕದಲ್ಲಿ ಬಜೆಯನ್ನು ಆಹಾರಕ್ಕೆ ಸೇರಿಸಬಾರದು ಅಂತ 1968ರಲ್ಲೇ ನಿಷೇಧ ಆಗಿದೆ. ಜೇನುತುಪ್ಪ ಒಂದು ವರ್ಷ ತುಂಬುವವರೆಗೆ ಬೇಡ, ಬಾಟ್ಯುಲಿಸಮ್ ಅನ್ನುವ ಅಪಾಯಕಾರಿ ಕಾಯಿಲೆ ಬರಬಹುದು. ಆರು ತಿಂಗಳವರೆಗೆ ಎದೆಹಾಲು ಸಾಕು, ಅದು ಸಾಲದಿದ್ದರೆ ಡಾಕ್ಟರ್ ಹೇಳಿದ ಹಾಲಿನ ಪುಡಿ. ಜ್ವರ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಹಸಿರು ವಾಂತಿ ಆದರೆ, ಹಾಲು ಬಿಟ್ಟರೆ ಬೆಳಗಾಗಲಿ ಅಂತ ಕಾಯಬೇಡಿ.

ಹಾಸನದ ಸೊಸೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ಯಾಕೇಜ್ ಬೇಡ ಅಂತ ಈಗಲೇ ಮೇಲ್ ಕಳಿಸುತ್ತೇನೆ. ಅತ್ತೆಗೆ ನರ್ಸ್ ಅಕ್ಕನ ಉತ್ತರ ಓದಿ ಹೇಳಿದೆ. ನಿನ್ನ ಗಂಡನಿಗೆ ನೆಕ್ಕಿಸಿಯೇ ಬೆಳೆಸಿದೆ ಅಂದರು, ಆದರೂ ಬಜೆ ಡಬ್ಬಿ ಮೇಲಿನ ಕಪಾಟಿಗೆ ಇಟ್ಟರು. ಇನ್ನೊಂದು ಕೇಳಬೇಕಿತ್ತು. ಯಜಮಾನರು ಮಗುವನ್ನು ಎತ್ತಿಕೊಳ್ಳಬಹುದಾ?

ಮೈಸೂರು ಫಿಜಿಯೋ:
ಎತ್ತಿಕೊಳ್ಳಬಹುದು. ಸೊಂಟ ಬಗ್ಗಿಸಿ ಅಲ್ಲ, ಮಂಡಿ ಮಡಚಿ, ಮಗುವನ್ನು ಎದೆಗೆ ಒತ್ತಿಕೊಂಡು ಏಳಬೇಕು. ಕಾರ್ ಸೀಟ್ ಕಾರಿನಲ್ಲೇ ಇರಲಿ, ಮಗುವನ್ನು ಮಾತ್ರ ಎತ್ತಿ ಒಳಗೆ ತರಲಿ.