ಮೂತ್ರದ ರಿಪೋರ್ಟ್‌ನಲ್ಲಿ ಸೀಸ ಜಾಸ್ತಿ ಎಂದು ಬಂದಿದೆ, ಕೀಲೇಷನ್ ಮಾಡಿಸಬೇಕಾ?

ನಸುಕು (ಪ್ರಶ್ನೆ):
ಎರಡು ವರ್ಷದಿಂದ ಸುಸ್ತು. ತಲೆಗೆ ಸ್ನಾನ ಮಾಡಿದ ದಿನ ಬೇರೆ ಯಾವ ಕೆಲಸವೂ ಆಗುವುದಿಲ್ಲ. ಬೆಳಿಗ್ಗೆ ಎದ್ದಾಗ ಬೆರಳಿನ ಗಂಟುಗಳು ಬಿಗಿದಿರುತ್ತವೆ. ತೋರಿಸಿದ ಇಬ್ಬರು ಡಾಕ್ಟರೂ "ರಿಪೋರ್ಟ್ ನಾರ್ಮಲ್ ಇದೆ, ಟೆನ್ಷನ್ ಕಡಿಮೆ ಮಾಡಿ" ಎಂದು ಕಳಿಸಿದರು.

ಇದೆಲ್ಲ ಶುರುವಾಗುವ ಸ್ವಲ್ಪ ಮುಂಚೆ ನಮ್ಮ ಹಳೇ ಮನೆಯ ಕಿಟಕಿ ಬಾಗಿಲುಗಳ ಬಣ್ಣವನ್ನು ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ ತೆಗೆದಿದ್ದೆ. ಮಾಸ್ಕ್ ಹಾಕಿರಲಿಲ್ಲ. ಆ ಧೂಳಿನಲ್ಲಿ ಸೀಸ ಇತ್ತೇನೋ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ.

ಈಗ ದೇಹದ ವಿಷ ತೆಗೆಯುತ್ತೇವೆ ಎನ್ನುವ ಒಬ್ಬ ಚಿಕಿತ್ಸಕರ ಬಳಿ ಹೋಗಿದ್ದೇನೆ. ಒಂದು ಗಂಟೆ ಕೂತು ನನ್ನ ಮಾತು ಕೇಳಿದರು. ಒಂದು ಮಾತ್ರೆ ನುಂಗಿಸಿ, ಆರು ಗಂಟೆಯ ಮೂತ್ರ ಹಿಡಿಸಿ ಲ್ಯಾಬಿಗೆ ಕಳಿಸಿದರು. ಸೀಸ, ಪಾದರಸ ಎರಡರ ಗೆರೆಯೂ ಕೆಂಪು. ಇಪ್ಪತ್ತು ಸಲ ಡ್ರಿಪ್ ಹಾಕಿ ಕೀಲೇಷನ್ ಮಾಡಬೇಕಂತೆ, ಅಂದರೆ ಔಷಧಿಯಿಂದ ಮೈಯಲ್ಲಿರುವ ಲೋಹವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವುದು. ಜೊತೆಗೆ ಉಪ್ಪುನೀರಿನಲ್ಲಿ ಕಾಲಿಟ್ಟು ಕರೆಂಟ್ ಹಾಯಿಸುವ ಯಂತ್ರ. ನೀರು ಕಂದು ಬಣ್ಣಕ್ಕೆ ತಿರುಗಿದ್ದನ್ನು ಕಣ್ಣಾರೆ ನೋಡಿದೆ. ಮಾಡಿಸಲಾ?

ಗಾಜಿನ ನಳಿಕೆ:
ಕಾಲಿನ ಯಂತ್ರದ ಬಗ್ಗೆ ಮಾತ್ರ ಹೇಳುತ್ತೇನೆ. ಮುಂದಿನ ಸಲ ಕಾಲಿಡದೆ ಅದನ್ನು ಓಡಿಸಲು ಹೇಳಿ. ಆಗಲೂ ನೀರು ಕಂದಾಗುತ್ತದೆ. ಉಪ್ಪುನೀರಿನಲ್ಲಿ ಕರೆಂಟ್ ಹರಿದಾಗ ಒಳಗಿರುವ ಲೋಹದ ಪಟ್ಟಿ ಸವೆಯುತ್ತದೆ. ಅದರ ಕಬ್ಬಿಣ ತುಕ್ಕಾಗಿ ನೀರಿಗೆ ಬಿಡುತ್ತದೆ. ನೀವು ನೋಡಿದ್ದು ತುಕ್ಕು.

ಮುಸ್ಸಂಜೆ:
ನಸುಕು, ಮೊದಲು ಒಂದು ಮಾತು. ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಹಳೇ ಬಣ್ಣದಲ್ಲಿ ಸೀಸ ಇರುವುದು ನಿಜ, ಒಣಗಿದ್ದನ್ನು ಉಜ್ಜಿದರೆ ಆ ಧೂಳು ಒಳಗೆ ಹೋಗುವುದೂ ನಿಜ. ಸುಸ್ತು, ಕೀಲುನೋವು, ಹೊಟ್ಟೆನೋವು, ಮಲಬದ್ಧತೆ ಸೀಸದಿಂದ ಬರಬಹುದು. ಟೆನ್ಷನ್ ಎಂದು ಹೇಳಿ ಕಳಿಸುವ ಮುಂಚೆ ಅವರು ಆ ಧೂಳಿನ ಬಗ್ಗೆ ಒಂದು ಪ್ರಶ್ನೆಯಾದರೂ ಕೇಳಬೇಕಿತ್ತು.

ಆದರೆ ಆ ರಿಪೋರ್ಟನ್ನು ನಂಬಬೇಡಿ. ನಿಮಗೆ ನುಂಗಿಸಿದ ಮಾತ್ರೆ ಲೋಹವನ್ನು ಹಿಡಿದು ಮೂತ್ರಕ್ಕೆ ಎಳೆಯುವಂಥದ್ದು. ಎಲ್ಲರ ಮೈಯಲ್ಲೂ ಚೂರುಪಾರು ಸೀಸ, ಪಾದರಸ ಇರುತ್ತದೆ. ಆ ಮಾತ್ರೆ ನುಂಗಿದರೆ ಯಾರ ಮೂತ್ರದಲ್ಲಾದರೂ ಅದು ಏರುತ್ತದೆ. ಆದರೆ ರಿಪೋರ್ಟಿನ 'ನಾರ್ಮಲ್' ಅಂಕಿ ಮಾತ್ರೆ ನುಂಗದವರದು. ಹೋಲಿಕೆಯೇ ತಪ್ಪು ಅಲ್ವಾ? ಅಮೆರಿಕದ ವಿಷವೈದ್ಯರ ಸಂಘವೂ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ ಎಂದಿದೆ.

ನನಗೂ ಇಂಥದ್ದೇ ಕೆಂಪು ಗೆರೆಯ ಕಾಗದ ಕೊಟ್ಟಿದ್ದರು. ನನ್ನ ಮಾತನ್ನು ಯಾರೋ ಕೇಳಿದರಲ್ಲ ಎಂದು ಆ ದಿನ ಅತ್ತುಬಿಟ್ಟಿದ್ದೆ. ಹನ್ನೊಂದು ಡ್ರಿಪ್ ಹಾಕಿಸಿಕೊಂಡೆ. ಏಳನೇ ಸಲ ತುಟಿಯ ಸುತ್ತ ಜುಮ್ಮೆಂದಿತು, ಕೈ ಸೆಟೆದುಕೊಂಡಿತು. "ವಿಷ ಹೊರಗೆ ಹೋಗುತ್ತಿದೆ, ಹೀಗಾಗುತ್ತದೆ" ಎಂದರು. ಅದು ರಕ್ತದ ಕ್ಯಾಲ್ಸಿಯಂ ಇಳಿದಾಗ ಆಗುವಂಥದ್ದು ಎಂದು ಆಮೇಲೆ ತಿಳಿಯಿತು. ಕೀಲೇಷನ್ ಡ್ರಿಪ್‌ಗೆ ಬಳಸುವ ಇಡಿಟಿಎ ಎಂಬ ಔಷಧಿಯಲ್ಲಿ ಎರಡು ಬಗೆ ಇದೆ. ಸೀಸದ ವಿಷಕ್ಕೆ ಕೊಡುವುದು ಕ್ಯಾಲ್ಸಿಯಂ ಸೇರಿದ ಬಗೆ. ಇನ್ನೊಂದು, ಬರೀ ಡೈಸೋಡಿಯಂ ಇಡಿಟಿಎ, ರಕ್ತದ ಕ್ಯಾಲ್ಸಿಯಂ ಅನ್ನೇ ಹಿಡಿದುಬಿಡುತ್ತದೆ. 2003ರಿಂದ 2005ರ ನಡುವೆ ಕೀಲೇಷನ್ ವೇಳೆ ಕ್ಯಾಲ್ಸಿಯಂ ಇಳಿದು ಮೂವರು ಸತ್ತಿದ್ದನ್ನು ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ದಾಖಲಿಸಿದೆ. ಅವರಲ್ಲಿ ಇಬ್ಬರು ಮಕ್ಕಳು.

ನಾನು ಕಳೆದುಕೊಂಡಿದ್ದು ಸಮಯ. ಎಂಟು ತಿಂಗಳು ಬೇರೆ ಡಾಕ್ಟರ ಬಳಿ ಹೋಗಲೇ ಇಲ್ಲ. ನನಗೆ ಇದ್ದದ್ದು ರುಮಟಾಯ್ಡ್ ಆರ್ಥರೈಟಿಸ್, ಮೈಯ ರೋಗನಿರೋಧಕ ಶಕ್ತಿಯೇ ಕೀಲುಗಳನ್ನು ಹಾಳುಮಾಡುವ ಕಾಯಿಲೆ. ಬೆಳಿಗ್ಗೆ ಒಂದು ಗಂಟೆಗೂ ಜಾಸ್ತಿ ಬೆರಳು ಬಿಗಿದಿರುತ್ತಿತ್ತು, ನಿಮ್ಮ ಹಾಗೆಯೇ. ಅಷ್ಟರಲ್ಲಿ ಎಲುಬು ಸವೆದಿತ್ತು. ಬಲಗೈಯ ನಡುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಈಗ ವಾರಕ್ಕೊಮ್ಮೆ ಅದರ ಔಷಧಿ ಮೆಥೊಟ್ರೆಕ್ಸೇಟ್ ತಗೊಳ್ತೇನೆ, ಓಡಾಡುತ್ತೇನೆ. ನಿಮಗೂ ಅದೇ ಇದೆ ಎನ್ನುತ್ತಿಲ್ಲ. ಆದರೆ ಆಂಟಿ ಸಿಸಿಪಿ (ಈ ಕೀಲಿನ ಕಾಯಿಲೆಗೆ ಮಾಡುವ ರಕ್ತ ಪರೀಕ್ಷೆ), ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ಆಗಿವೆಯಾ ನೋಡಿ. 'ಎಲ್ಲ ನಾರ್ಮಲ್' ಎಂದರೆ ಏನೇನು ನೋಡಿದ್ದಾರೆ ಎಂದು ಕಾಗದ ತೆಗೆದು ಓದಿ.

ಸೀಸಕ್ಕೆ ಬೇಕಾದ್ದು ರಕ್ತ ಪರೀಕ್ಷೆ. ಯಾವ ಮಾತ್ರೆಯೂ ಇಲ್ಲದೆ.

ನಸುಕು:
ಓದಿ ಕೈ ನಡುಗಿತು. ನಾಳೆಯ ಡ್ರಿಪ್ ಬೇಡ ಎಂದು ಹೇಳಿಬಿಟ್ಟೆ. ಆಂಟಿ ಸಿಸಿಪಿ ಮಾಡಿಸಿಲ್ಲ. ಇನ್ನೆರಡು ಪ್ರಶ್ನೆ. ಎರಡು ವರ್ಷ ಆದ ಮೇಲೆ ರಕ್ತದಲ್ಲಿ ಸೀಸ ಕಾಣುತ್ತದಾ? ಮತ್ತೆ, ಬಣ್ಣ ಉಜ್ಜುವಾಗ ಮಗಳು ಅಂಬೆಗಾಲಿಡುತ್ತಿದ್ದಳು. ಈಗ ಮೂರು ವರ್ಷ. ಅವಳಿಗೆ?

ಮುಸ್ಸಂಜೆ:
ಹಾಗಾದರೆ ಮೊದಲು ಮಗಳ ರಕ್ತ ಪರೀಕ್ಷೆ ಮಾಡಿಸಿ. ಮಕ್ಕಳಿಗೆ ಇಷ್ಟು ಸೀಸ ಇದ್ದರೆ ತೊಂದರೆಯಿಲ್ಲ ಎನ್ನುವ ಮಟ್ಟವೇ ಇಲ್ಲ. ಸಿಡಿಸಿ ಗಮನ ಕೊಡಬೇಕಾದ ಮಟ್ಟವನ್ನು 2021ರಲ್ಲಿ ಡೆಸಿಲೀಟರಿಗೆ 5ರಿಂದ 3.5 ಮೈಕ್ರೋಗ್ರಾಂಗೆ ಇಳಿಸಿತು. ಆದರೆ ಅಷ್ಟಿದ್ದರೆ ಕೀಲೇಷನ್ ಅಲ್ಲ. ಮಕ್ಕಳಲ್ಲಿ ಅದರ ಮಾತು ಬರುವುದು 45ರ ಆಸುಪಾಸಿಗೆ, ಅದೂ ಆಸ್ಪತ್ರೆಯ ನಿಗಾದಲ್ಲಿ. ಅದಕ್ಕಿಂತ ಕಡಿಮೆ ಇದ್ದಾಗ ಮಾಡಬೇಕಾದ್ದು ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಅದನ್ನು ನಿಲ್ಲಿಸುವುದು.

ನಿಮ್ಮ ಮೊದಲ ಪ್ರಶ್ನೆಗೆ: ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಎಲುಬಿಗೆ ಸೇರಿದ್ದು ಹತ್ತಾರು ವರ್ಷ ಕೂತಿರುತ್ತದೆ. ಹಾಗಾಗಿ ನಿಮ್ಮ ಅಂಕಿ ಕಡಿಮೆ ಬಂದರೆ ಆಗ ಏನೂ ಹೋಗಿರಲಿಲ್ಲ ಎಂದಲ್ಲ. ಜಾಸ್ತಿ ಬಂದರೆ ಧೂಳು ಇನ್ನೂ ಮನೆಯಲ್ಲೇ ಇರಬಹುದು.

ಕಿಟಕಿ ಅಂಚು, ಬಾಗಿಲ ಸಂದು, ನೆಲ, ಎಲ್ಲವನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಣ ಪೊರಕೆಯಲ್ಲಿ ಗುಡಿಸಬೇಡಿ, ಧೂಳು ಮತ್ತೆ ಏಳುತ್ತದೆ. ಮಗಳ ಕೈ, ಆಟಿಕೆ ಆಗಾಗ ತೊಳೆಯಿರಿ. ಬೆರಳು ಚುಚ್ಚಿ ತೆಗೆದ ರಕ್ತದಲ್ಲಿ ಜಾಸ್ತಿ ಬಂದರೆ ಗಾಬರಿಯಾಗಬೇಡಿ. ಚರ್ಮದ ಮೇಲಿನ ಧೂಳು ಸೇರಿದರೂ ಹಾಗೆ ಬರುತ್ತದೆ. ಕೈಯ ರಕ್ತನಾಳದಿಂದ ರಕ್ತ ತೆಗೆಸಿ ಇನ್ನೊಮ್ಮೆ ನೋಡಿಸಿ. ಮಗಳ ಅಂಕಿ ಬಂದ ದಿನ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.