ಎಸ್‌ಡಿಎಂಸಿ ಸಭೆಯಲ್ಲಿ ಮಾತಾಡು ಅಂದಿದ್ದಾರೆ, ಏನು ಹೇಳಲಿ?

ಬ್ಯಾಡಗಿ ಮೆಣಸಿನಕಾಯಿ:

ಎಲ್ಲರಿಗೂ ನಮಸ್ಕಾರ. ನಾನು ಸೆಕೆಂಡ್ ಪಿಯುಸಿ, ಕಾಮರ್ಸ್. ಹಾವೇರಿ ಜಿಲ್ಲೆಯ ಒಂದು ಹಳ್ಳಿ ನಮ್ಮದು. ನಾನು ಓದಿದ ಸರ್ಕಾರಿ ಹೈಸ್ಕೂಲಿನಲ್ಲಿ ಬರುವ ಶನಿವಾರ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಇದೆ. "ಶಾಲೆ ಸುಧಾರಿಸೋಕೆ ಏನು ಮಾಡಬೇಕು ಅಂತ ನೀನೂ ಬಂದು ನಾಲ್ಕು ಮಾತು ಹೇಳು" ಅಂತ ಹೆಡ್‌ಮಾಸ್ಟರ್ ಅಪ್ಪನ ಹತ್ತಿರ ಹೇಳಿ ಕಳಿಸಿದ್ದಾರೆ. ನನ್ನ ತಮ್ಮ ಈಗ ಅಲ್ಲೇ ಎಂಟನೇ ಕ್ಲಾಸು.

ಸಭೆಯಲ್ಲಿ ಏನು ನಡೆಯುತ್ತೆ ಅಂತ ಗೊತ್ತು. ಒಬ್ಬರು ಸ್ಮಾರ್ಟ್ ಕ್ಲಾಸ್ ಅಂತಾರೆ, ಇನ್ನೊಬ್ಬರು ಕಾಂಪೌಂಡ್ ಅಂತಾರೆ, ಆಮೇಲೆ ಚಹಾ ಬರುತ್ತೆ. ಕಾಂಪೌಂಡ್ ಬೇಕು, ಇಲ್ಲ ಅನ್ನಲ್ಲ, ದನ ಒಳಗೆ ಬರುತ್ತವೆ. ಆದರೆ ನನಗೆ ಹೇಳಬೇಕು ಅನಿಸಿರುವುದು ಬೇರೆ.

ಒಂಬತ್ತನೇ ಕ್ಲಾಸಿನಲ್ಲಿ ನಮಗೆ ಗಣಿತಕ್ಕೆ ಒಬ್ಬರು ಅತಿಥಿ ಶಿಕ್ಷಕಿ ಬಂದರು. ಮೊದಲ ದಿನವೇ ಎಲ್ಲರಿಗೂ ಅರ್ಧ ಹಾಳೆ ಕೊಟ್ಟು, "ಹೆಸರು ಬರೀಬೇಡಿ" ಅಂದರು. ಬೋರ್ಡಿನ ಮೇಲೆ ಹತ್ತು ಲೆಕ್ಕ. ದಶಕ ತೆಗೆದುಕೊಂಡು ಕಳೆಯುವುದು, ಭಾಗಾಕಾರ, ಭಿನ್ನರಾಶಿ. ಎಲ್ಲಾ ಮೂರು, ನಾಲ್ಕು, ಐದನೇ ಕ್ಲಾಸಿನವು. ನಾವು ನಲವತ್ತೆರಡು ಜನ. ಹತ್ತಕ್ಕೆ ಹತ್ತು ಬಂದಿದ್ದು ಆರು ಹಾಳೆಗಳಲ್ಲಿ ಮಾತ್ರ. ಅದರಲ್ಲಿ ನನ್ನದಿರಲಿಲ್ಲ.

ನಾನು 1/2 + 1/3 = 2/5 ಅಂತ ಬರೆದಿದ್ದೆ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಐದನೇ ಕ್ಲಾಸಿನಿಂದ ಹಾಗೇ ಮಾಡ್ತಿದ್ದೆ. ತಪ್ಪು ಅಂತ ಕೆಂಪು ಗೆರೆ ಎಷ್ಟೋ ಸಲ ಬಿದ್ದಿತ್ತು. ಯಾಕೆ ತಪ್ಪು ಅಂತ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೇಡಂ ತಮ್ಮ ಡಬ್ಬಿಯಿಂದ ಜೋಳದ ರೊಟ್ಟಿ ತೆಗೆದು ಅರ್ಧ ಮಾಡಿದರು. "ಈ ಅರ್ಧಕ್ಕೆ ಇನ್ನೊಂದು ಚೂರು ಸೇರಿಸಿದರೆ ಜಾಸ್ತಿ ಆಗಬೇಕೋ, ಕಡಿಮೆಯೋ? ಐದರಲ್ಲಿ ಎರಡು ಅಂದರೆ ಅರ್ಧಕ್ಕಿಂತ ಕಡಿಮೆ ಅಲ್ವಾ? ಸೇರಿಸಿದ ಮೇಲೆ ರೊಟ್ಟಿ ಸಣ್ಣದಾಗಿದ್ದು ಹೇಗೆ?" ಅಂದರು. ಕ್ಲಾಸೆಲ್ಲಾ ನಕ್ಕಿತು. ನನಗೆ ಮಾತ್ರ ಅಳು ಬಂತು. ನಾಲ್ಕು ವರ್ಷ ಅದೊಂದರಲ್ಲೇ ಸಿಕ್ಕಿಕೊಂಡಿದ್ದೆ ನಾನು.

ಅದಕ್ಕೂ ಮೊದಲು ನಮ್ಮ ಕ್ಲಾಸಿನಲ್ಲಿ ನಡೆಯುತ್ತಿದ್ದದ್ದು ಇಷ್ಟೇ. "ಅರ್ಥ ಆಯ್ತಾ?" "ಆಯ್ತು ಸಾ...ರ್!" ಆ ರಾಗ ಒಂದನೇ ಕ್ಲಾಸಿನಿಂದ ಹತ್ತರವರೆಗೂ ಒಂದೇ. ಆಗಲಿಲ್ಲ ಅಂದವರು ಎದ್ದು ನಿಲ್ಲಬೇಕಲ್ಲ.

ಮಾರ್ಚ್ ಮುಗಿಯಿತು, ಮೇಡಂ ಹೋದರು. ಹತ್ತನೇ ಕ್ಲಾಸಿಗೆ ಬೇರೆಯವರು ಬಂದರು. ಡಿಸೆಂಬರ್ ಬಂದಾಗ ಪಾಸಿಂಗ್ ಪ್ಯಾಕೇಜ್ ಶುರು, ಅಂದರೆ ಪಾಸಾಗೋಕೆ ಸಾಕಾಗುವಷ್ಟನ್ನೇ ಬಾಯಿಪಾಠ ಮಾಡಿಸೋದು. 80ಕ್ಕೆ 28 ಬಂದರೆ ಸಾಕು ಅನ್ನುವ ಲೆಕ್ಕ. ಥೇಲ್ಸ್ ಪ್ರಮೇಯ, ಗ್ರಾಫು, ವಿಜ್ಞಾನದಲ್ಲಿ ಹೃದಯದ ಚಿತ್ರ, ಸಮಾಜದಲ್ಲಿ ಭಾರತದ ನಕ್ಷೆ. ನನ್ನ ಗೆಳತಿ ಥೇಲ್ಸ್ ಪ್ರಮೇಯವನ್ನು ನಿದ್ದೆಗಣ್ಣಲ್ಲೂ ಬರೀತಿದ್ದಳು. ಒಂದು ಟೆಸ್ಟಿನಲ್ಲಿ ಎಬಿಸಿ ಬದಲು ಪಿಕ್ಯೂಆರ್ ತ್ರಿಭುಜ ಕೊಟ್ಟರು. ಪೆನ್ನು ಕೆಳಗಿಟ್ಟು ಸುಮ್ನೆ ಕೂತುಬಿಟ್ಟಳು. ನಮ್ಮದು 2024ರ ಬ್ಯಾಚು, ಎಸ್ಸೆಸ್ಸೆಲ್ಸಿಯನ್ನು ನಕಲು ತಡೆಯೋಕೆ ಇಟ್ಟ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಕೆಳಗೆ ಬರೆದವರು. ಅವಳು ಪಾಸಾಗಲಿಲ್ಲ.

ನಾನು ಕೇಳಬೇಕು ಅಂದುಕೊಂಡಿರುವುದು ಒಂದೇ. ಎಂಟನೇ ಕ್ಲಾಸಿಗೆ ಬಂದ ಪ್ರತಿ ಹುಡುಗ, ಹುಡುಗಿ ಎಲ್ಲಿ ನಿಂತಿದ್ದಾರೆ ಅಂತ ಮೊದಲು ನೋಡಿ, ಅಲ್ಲಿಂದ ಕಲಿಸಿ. ಆದರೆ ಹೇಗೆ ಹೇಳೋದು? ಎದುರಿಗೆ ಕೂತಿರೋರು ನಮ್ಮ ಸರ್‌ಗಳೇ. ಕೊರೊನಾ ವರ್ಷ ವಿದ್ಯಾಗಮ ಅಂತ ಗುಡಿ ಕಟ್ಟೆ ಮೇಲೆ ಕೂರಿಸಿಕೊಂಡು ಪಾಠ ಮಾಡಿದ ಮೇಷ್ಟರೊಬ್ಬರು ಈಗ ಸಭೆಗೂ ಬರ್ತಾರೆ. ಅವರ ಮುಖ ನೋಡಿಕೊಂಡು "ನಮಗೆ ಏನೂ ಬರ್ತಿರಲಿಲ್ಲ" ಅನ್ನೋಕೆ ಬಾಯಿ ಬರ್ತಿಲ್ಲ.

ಹಳೇ ಸೈಕಲ್:

ತಂಗೀ, ನಾನೂ ಒಂದು ಶಾಲೆಯ ಎಸ್‌ಡಿಎಂಸಿಯಲ್ಲಿ ಮೂರು ವರ್ಷ ಇದ್ದವನು. ನೀನು ಬರೆದಿದ್ದನ್ನೆಲ್ಲಾ ಅಲ್ಲಿ ಕೇಳುವ ಪುರುಸೊತ್ತು ಯಾರಿಗೂ ಇರಲ್ಲ. ರೊಟ್ಟಿ ಕಥೆ ಹೇಳು, ಕೂತ್ಕೋ. ತಪ್ಪು ಮಾಡಿದ್ದು ನಾನು ಅಂತಲೇ ಹೇಳು. ಯಾರಿಗೂ ಬೇಜಾರಾಗಲ್ಲ. ಸ್ಮಾರ್ಟ್ ಕ್ಲಾಸಿಗೆ ಮಾತ್ರ ಎದುರಾಡಬೇಡ, ಟಿವಿ ಕೊಡಿಸುವ ದಾನಿ ಅಲ್ಲೇ ಕೂತಿರ್ತಾರೆ.

ನಲಿಕಲಿ ಮೇಷ್ಟ್ರು:

ಮಗೂ, ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. ನೀನು ಕೇಳ್ತಿರೋದು ಹೊಸದಲ್ಲ. ಒಂದರಿಂದ ಮೂರನೇ ಕ್ಲಾಸಿನವರೆಗೆ ನೀನೂ ಹಾಗೇ ಕಲಿತಿರಬೇಕು, ನೆನಪು ಮಾಡಿಕೋ. ಗೋಡೆ ಮೇಲೆ ಕಲಿಯುವ ಮೆಟ್ಟಿಲುಗಳನ್ನು ತೋರಿಸುವ ಕಲಿಕಾ ಏಣಿ, ತಲೆ ಮೇಲೆ ಮಕ್ಕಳು ಮಾಡಿದ್ದನ್ನು ತೂಗುಹಾಕುವ ಚಪ್ಪರ, ಕೈಯಲ್ಲಿ ಪಾಠದ ಕಾರ್ಡು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿಕಲಿ ಅದು. ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡಿಕೊಂಡು ಬಂದ ನಮ್ಮ ಸರ್ಕಾರಿ ಮೇಷ್ಟ್ರುಗಳೇ ಕೂತು ಕಾರ್ಡು ಬರೆದರು. ಒಂದು ಮಗು ಹತ್ತನೇ ಕಾರ್ಡಿನಲ್ಲಿದ್ದರೆ ಪಕ್ಕದ್ದು ಇಪ್ಪತ್ತರಲ್ಲಿ. ವಾರ ಬಿಟ್ಟು ಬಂದ ಮಗುವೂ ಬಿಟ್ಟಲ್ಲಿಂದಲೇ ಹಿಡಿಯಬಹುದಿತ್ತು.

ಅದರಲ್ಲೂ ಹುಳುಕಿತ್ತು. ಕಾರ್ಡು ಹರಿದರೆ ಹೊಸದು ಬರೋಕೆ ವರ್ಷ ಬೇಕು. ಮೂರು ಕ್ಲಾಸನ್ನು ಒಂದೇ ಕೋಣೆಯಲ್ಲಿ ಕೂರಿಸಿದ್ದಕ್ಕೆ ಪಾಲಕರ ಸಿಟ್ಟು ಬೇರೆ. ಆದರೆ ಯಾವ ಮಗು ಎಲ್ಲಿದೆ ಅಂತ ನನಗೆ ಗೊತ್ತಿರುತ್ತಿತ್ತು. ನಾಲ್ಕನೇ ಕ್ಲಾಸಿಗೆ ಹೋದ ದಿನ ಏಣಿ ಮಾಯ. ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ನಿನ್ನ ಭಿನ್ನರಾಶಿ ಕೈ ಜಾರಿದ್ದು ಅಲ್ಲಿಂದ ಈಚೆಗೇ ಅಂತ ಕಾಣುತ್ತೆ.

ಪೀರಿಯಡ್ ಎಂಟು:

ನಾನು ಹೈಸ್ಕೂಲ್ ಗಣಿತ ಶಿಕ್ಷಕಿ, ಬೇರೆ ಜಿಲ್ಲೆ. ಓದಿ ಸ್ವಲ್ಪ ಚುಚ್ಚಿತು, ಸುಳ್ಳು ಹೇಳಲ್ಲ.

ಪಾಸಿಂಗ್ ಪ್ಯಾಕೇಜ್ ನಮಗೂ ಇಷ್ಟ ಇಲ್ಲ. ಫಲಿತಾಂಶ ಬಿದ್ದರೆ ಕಾರಣ ಬರೆದು ಕೊಡಬೇಕಾದವರು ನಾವು. 2023ರಲ್ಲಿ ರಾಜ್ಯದ ಫಲಿತಾಂಶ ಶೇ. 83.89 ಇತ್ತು. ಕ್ಯಾಮೆರಾ ಬಂದ 2024ರಲ್ಲಿ ಗ್ರೇಸ್ ಅಂಕವನ್ನು ಶೇ. 10ರಿಂದ 20ಕ್ಕೆ ಏರಿಸಿದರೂ ಶೇ. 73.40ಕ್ಕೆ ಇಳಿಯಿತು. ಆಮೇಲೆ ಮೀಟಿಂಗಿನ ಮೇಲೆ ಮೀಟಿಂಗ್. ಸ್ಯಾಟ್ಸ್ ಅಂತ ಮಕ್ಕಳ ಮಾಹಿತಿಯ ಆನ್‌ಲೈನ್ ಎಂಟ್ರಿ, ಮೊಟ್ಟೆ ಲೆಕ್ಕ, ಮತದಾರರ ಪಟ್ಟಿಯ ಬಿಎಲ್‌ಒ ಕೆಲಸ ಎಲ್ಲಾ ಇದ್ದೇ ಇದೆ. 2025ರ ದಸರಾದಲ್ಲಿ ಸರ್ಕಾರದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆ ಮನೆ ತಿರುಗಿದೆವು, ಅದಕ್ಕಾಗಿ ಶಾಲೆಯ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಇದನ್ನೂ ಒಂದು ಮಾತು ಸಭೆಯಲ್ಲಿ ಹೇಳಿ ಪ್ಲೀಸ್.

ಇನ್ನು ನಿಮ್ಮ ಪ್ರಶ್ನೆ. ಹೊಸದೇನೂ ಕೇಳಬೇಡಿ, "ಆದೇಶ ಬರಲಿ" ಅಂತ ಅಲ್ಲಿಗೇ ನಿಲ್ಲುತ್ತೆ. ಜೂನ್‌ನಲ್ಲಿ ಸೇತುಬಂಧ ಅಂತ ಮಾಡಿರ್ತಾರೆ. ಹಿಂದಿನ ಕ್ಲಾಸಿನದ್ದು ಎಷ್ಟು ಬರುತ್ತೆ ಅಂತ ನೋಡುವ ನೈದಾನಿಕ ಪರೀಕ್ಷೆ ಅದರಲ್ಲೇ ಇದೆ. ನೀವು ಕೇಳ್ತಿರೋದೇ ಅದು. ತುಂಬಾ ಶಾಲೆಗಳಲ್ಲಿ ಅದು ಫೈಲಿಗೆ ಹೋಗಿ ಅಲ್ಲೇ ಇರುತ್ತೆ. ನಮ್ಮಲ್ಲೂ ಹಾಗೇ ಇತ್ತು. "ಎಂಟನೇ ಕ್ಲಾಸಿನ ಸೇತುಬಂಧದ ಪೇಪರ್ ನೋಡಬಹುದಾ ಸರ್?" ಅಂತ ಕೇಳಿ, ಅಷ್ಟೇ. ಒಂದು ಮಾತು: ಮಕ್ಕಳ ಹೆಸರು, ಅಂಕ ಸಭೆಯಲ್ಲಿ ಓದಿಸಬೇಡಿ. ನಿಮ್ಮ ಮೇಡಂ ಹೆಸರು ಬರೆಸದೇ ಇದ್ದದ್ದು ಸುಮ್ನೆ ಅಲ್ಲ.

ಬ್ಯಾಡಗಿ ಮೆಣಸಿನಕಾಯಿ:

ಸಭೆ ಮುಗಿಯಿತು. ಎಲ್ಲರಿಗೂ ಥ್ಯಾಂಕ್ಸ್. ಟಿವಿ ಬರುತ್ತಂತೆ, ಕಾಂಪೌಂಡ್ ಮುಂದಿನ ವರ್ಷ ಅಂತೆ.

ರೊಟ್ಟಿ ಕಥೆ ಹೇಳಿದೆ. ನಕ್ಕರು. ಮೇಷ್ಟರ ಕೆಲಸದ ಹೊರೆಯ ಮಾತೂ ಆಡಿದೆ, ಅದಕ್ಕೆ ಸರ್‌ಗಳೆಲ್ಲಾ ತಲೆ ಆಡಿಸಿದರು. ಎಲ್ಲರೂ ಎದ್ದು ಹೋದ ಮೇಲೆ ಸೇತುಬಂಧದ ಪೇಪರ್ ಕೇಳಿದೆ. ಗಣಿತದ ಸರ್ ಹೊಸಬರು, ಆಗಸ್ಟ್‌ನಲ್ಲಿ ಬಂದವರು. ಅವರೇ ಬೀರು ತೆಗೆದರು. ಕಟ್ಟಿದ ದಾರ ಹಾಗೇ ಇತ್ತು.

ಮೇಲಿಂದ ಐದೋ ಆರೋ ತೆಗೆದಾಗ ನನ್ನ ತಮ್ಮನದ್ದು ಸಿಕ್ಕಿತು. 1/2 + 1/3 = 2/5. ಪಕ್ಕದಲ್ಲಿ ಕೆಂಪು ಪೆನ್ನಿನ ರೈಟ್ ಮಾರ್ಕ್.

ಸರ್ ಅದನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಕಟ್ಟನ್ನು ಪೂರ್ತಿ ಬಿಚ್ಚಿ, ಪೇಪರ್‌ಗಳನ್ನು ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ಹೋದರು.