ಕಾಲೆತ್ತಿ ಒದ್ದರೂ ಪಾದ ಕಾಣಲ್ಲ: ‘ಬ್ರೂಸ್ ಲೀ: ದ ಮ್ಯಾನ್, ದ ಮಿತ್’ (1976)

ಹಳೇರೀಲು:
ಬ್ರೂಸ್ ಲೀ ಜೀವನದ ಮೇಲೆ ಅಗ್ಗದಲ್ಲಿ ಮಾಡಿದ ಚಿತ್ರಗಳಲ್ಲಿ ಇದೇ ವಾಸಿ ಅಂತಾರೆ. ನಿರ್ದೇಶನ ಎಂಗ್ ಸೀ ಯುಯೆನ್. ಲೀ ಪಾತ್ರದಲ್ಲಿ ತೈವಾನಿನ ಹೋ ಚುಂಗ್ ಟಾವ್, ಅಂದ್ರೆ ಪೋಸ್ಟರ್‌ಗಳ ‘ಬ್ರೂಸ್ ಲಿ’ (ದೀರ್ಘ ಕಳೆದುಕೊಂಡವರು). ನೆಟ್‌ನಲ್ಲಿ ಸಿಕ್ಕಿದ್ದು ಚೌಕ ಪ್ರಿಂಟು, ಇಂಗ್ಲಿಷ್ ಮಾತು. ಮೂರು ಅನುಮಾನ ಇವೆ. ಒದೆಯೋ ಶಾಟ್‌ನಲ್ಲಿ ಪಾದ ಫ್ರೇಮಿನಾಚೆ ಹೋಗುತ್ತೆ, ಏಟು ತಿಂದವನೇ ಕಾಣಲ್ಲ, ಯಾಕೆ? ಫೈಟಿನ ವೇಗ ನಿಜವೋ, ಕ್ಯಾಮೆರಾ ಕೈಚಳಕವೋ? ಕೊನೆಯಲ್ಲಿ ಲೀ ಸತ್ತೇ ಇಲ್ಲ, 1983ಕ್ಕೆ ವಾಪಸ್ ಬರ್ತಾನೆ ಅಂತ ತೋರಿಸ್ತಾರಲ್ಲ, ಹಾಗಾದ್ರೆ ಉಳಿದದ್ದರಲ್ಲಿ ಎಷ್ಟು ನಂಬೋದು?

ಕತ್ತರಿ-ಅಂಟು:
ಮೊದಲನೆಯದಕ್ಕೆ ನಿರ್ದೇಶಕರನ್ನ ಬೈಬೇಡಿ, ಟಿವಿಗೆ ಕತ್ತರಿಸಿದವರನ್ನ ಬೈಯಿರಿ. ಆಗಿನ ಹಾಂಗ್‌ಕಾಂಗ್ ಫೈಟ್ ಚಿತ್ರಗಳು ಬಹುತೇಕ ಸ್ಕೋಪ್, ಅಂದ್ರೆ ಅಗಲ ಪರದೆಯವು. ಎತ್ತರ 1 ಆದರೆ ಅಗಲ 2.35. ಹಳೇ ಟಿವಿಯ ಅಗಲ 1.33 ಮಾತ್ರ. ಪರದೆ ಪೂರ್ತಿ ತುಂಬಬೇಕು ಅಂದ್ರೆ ಅಗಲದಲ್ಲಿ ಸುಮಾರು 43% ಬಿಸಾಕಬೇಕು. ಒದೆಯುವವನು ಎಡತುದಿ, ಒದೆಸಿಕೊಳ್ಳುವವನು ಬಲತುದಿ, ನಡುವೆ ಚಾಚಿದ ಕಾಲು. ಸ್ಕೋಪ್‌ಗೆ ಅಂತಲೇ ಇಟ್ಟ ಶಾಟ್ ಅದು. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಸಿಕೊಂಡರೆ ಇಬ್ಬರಲ್ಲಿ ಒಬ್ಬ ಹೋಗಲೇಬೇಕು.

ಕತ್ತರಿ ಬಿದ್ದಿದೆಯಾ ಅಂತ ತಿಳಿಯೋಕೆ ಟೈಟಲ್ ನೋಡಿ. ಹೆಸರು ತುಂಡಾಗಬಾರದು ಅಂತ ಆ ಭಾಗವನ್ನ ಎಷ್ಟೋ ಸಲ ಅಕ್ಕಪಕ್ಕದಿಂದ ಹಿಂಡಿದ ಹಾಗೇ ಬಿಟ್ಟಿರ್ತಾರೆ, ಮುಖಗಳೆಲ್ಲ ಪಡವಲಕಾಯಿ. ಟೈಟಲ್ ಮುಗಿದ ಕೂಡಲೇ ಮುಖ ಸರಿಹೋದರೆ ಅಲ್ಲಿಂದ ಕತ್ತರಿ ಶುರು. ಮೇಲೆ ಕೆಳಗೆ ಕಪ್ಪು ಪಟ್ಟಿ ಇರೋ ಪ್ರಿಂಟ್ ಹುಡುಕಿ. ಆದರೆ ಅದರಲ್ಲೂ ಮೋಸ ಇದೆ: ಚೌಕ ಪ್ರಿಂಟನ್ನೇ ಮೇಲೆ ಕೆಳಗೆ ಮತ್ತೆ ಕೊಯ್ದು ‘ವೈಡ್‌ಸ್ಕ್ರೀನ್’ ಅಂತ ಹಾಕ್ತಾರೆ. ಸುಮ್ಮನೆ ನಿಂತು ಮಾತಾಡೋ ದೃಶ್ಯದಲ್ಲೂ ಹಣೆ ಕತ್ತರಿಸಿದ್ದರೆ ಅದು ಎರಡು ಸಲ ಕೊಯ್ದ ಮಾಲು. ಅದಕ್ಕಿಂತ ನಿಮ್ಮ ಚೌಕವೇ ಮೇಲು.

ವೇಗದ ವಿಷಯಕ್ಕೆ ಎರಡು ಕಾರಣ ಇರಬಹುದು. ಸೆಕೆಂಡಿಗೆ 24 ಫ್ರೇಮಿನ ಚಿತ್ರವನ್ನ ಯುರೋಪಿನ ವಿಡಿಯೊ ಟೇಪಿಗೆ 25ರಲ್ಲಿ ಓಡಿಸ್ತಿದ್ದರು. ಅದರಿಂದ ಎಲ್ಲವೂ 4% ಚುರುಕು, 100 ನಿಮಿಷದ ಚಿತ್ರ 96ಕ್ಕೆ ಮುಗಿಯುತ್ತೆ, ದನಿಯೂ ಒಂಚೂರು ಕೀರಲು. ಇದು ಚಿತ್ರದುದ್ದಕ್ಕೂ ಒಂದೇ ಸಮ ಇರುತ್ತೆ. ಫೈಟಿನಲ್ಲಿ ಮಾತ್ರ ವೇಗ ಏರಿದರೆ ಅದು ಕ್ಯಾಮೆರಾದವರ ಕೆಲಸ: 22 ಫ್ರೇಮಿನಲ್ಲಿ ತೆಗೆದು 24ರಲ್ಲಿ ತೋರಿಸಿದರೆ 9% ವೇಗ, 20ರಲ್ಲಿ ತೆಗೆದರೆ 20%. 18ಕ್ಕೆ ಇಳಿಸಿದರೆ ಮೂಕಿ ಚಿತ್ರದ ಕಾಮಿಡಿ ಆಗುತ್ತೆ.

ಕೈಕಾಲು ನೋಡಿ ಇದನ್ನ ಹಿಡಿಯೋಕಾಗಲ್ಲ. ಧೂಳು, ಕೂದಲು, ಅಂಗಿಯ ಅಂಚು ನೋಡಿ. ಮನುಷ್ಯ ಅಭ್ಯಾಸ ಮಾಡಿ ವೇಗ ಹೆಚ್ಚಿಸಬಹುದು, ಧೂಳು ಇಳಿಯೋ ವೇಗ ಯಾರ ಮಾತೂ ಕೇಳಲ್ಲ. ಇನ್ನೊಂದು ಗುರುತು: ಫ್ರೇಮ್ ಕಡಿಮೆ ಮಾಡಿದರೆ ಪ್ರತಿ ಫ್ರೇಮಿಗೂ ಬೆಳಕು ಹೆಚ್ಚು ಹೊತ್ತು ಬೀಳುತ್ತೆ. 20ಕ್ಕೆ ಇಳಿಸಿ ಲೆನ್ಸಿನ ಬಾಯಿ ಕಿರಿದು ಮಾಡೋದು ಮರೆತರೆ, ಫೈಟ್ ಶುರುವಾದ ಶಾಟ್‌ಗೆ ಆಕಾಶ ದಿಢೀರನೆ ಬೆಳ್ಳಗಾಗುತ್ತೆ. ಅವಸರದ ಚಿತ್ರಗಳಲ್ಲಿ ಇದು ಬೇಕಾದಷ್ಟು ಸಿಗುತ್ತೆ.

ಮಧ್ಯಂತರ:
ಮೂರನೆಯದಕ್ಕೆ ನಾನು. 1983ರ ಕಥೆ ಶುದ್ಧ ಟಿಕೆಟ್ ಮಾರೋ ತಂತ್ರ. ಆದರೆ ಅಂಥ ಕಥೆ ಯಾಕೆ ಓಡಿತು ಅಂತ ನೋಡಬೇಕು. ಲೀ ತೀರಿಕೊಂಡಿದ್ದು 1973ರ ಜುಲೈ 20, 32ನೇ ವಯಸ್ಸಿಗೆ. ಮನೆಯಲ್ಲೇ ಕುಸಿದರು ಅಂತ ಮೊದಲು ಪತ್ರಿಕೆಗಳಿಗೆ ಹೇಳಿದರು. ಆಂಬುಲೆನ್ಸ್ ಹೋಗಿದ್ದು ಕೌಲೂನ್ ಟಾಂಗ್‌ನ ಬೀಕನ್ ಹಿಲ್ ರಸ್ತೆಗೆ, ನಟಿ ಬೆಟ್ಟಿ ಟಿಂಗ್ ಪೇ ಮನೆಗೆ ಅನ್ನೋದನ್ನ ವರದಿಗಾರರು ಪತ್ತೆ ಹಚ್ಚಿದರು. ಅಷ್ಟು ಸಾಕಾಯ್ತು. ತಲೆನೋವಿಗೆ ಈಕ್ವಜೆಸಿಕ್ ಮಾತ್ರೆ ನುಂಗಿ ಮಲಗಿದವರು ಏಳಲಿಲ್ಲ, ಮಿದುಳು ಬಾತಿತ್ತು. ‘ಆಕಸ್ಮಿಕದಿಂದಾದ ಸಾವು’ ಅಂತ ವಿಚಾರಣೆ ಮುಗಿಯಿತು. ಒಂದು ಸುಳ್ಳು ಸಿಕ್ಕಿಬಿದ್ದ ಮೇಲೆ ಜನ ಆ ತೀರ್ಪನ್ನ ನಂಬೋಕೆ ತಯಾರಿರಲಿಲ್ಲ. ಆ ಅನುಮಾನವೇ ಈ ಚಿತ್ರಗಳ ಬಂಡವಾಳ.

ವಿದ್ಯುತ್ ಮಷೀನು ಕಟ್ಟಿಕೊಂಡು ಮಾಂಸಖಂಡ ಅದುರಿಸೋ ದೃಶ್ಯ ಅತಿ ಅನ್ನಿಸಿದ್ದರೆ, ಅಂಥ ಮಷೀನು ಲೀ ನಿಜವಾಗಿ ಬಳಸ್ತಿದ್ದರು. ಚಿತ್ರದವರು ಒಗ್ಗರಣೆ ಹೆಚ್ಚು ಹಾಕಿದ್ದಾರೆ, ಅಷ್ಟೇ.

ಹಾಗಂತ ದುಡ್ಡು ಹೆಚ್ಚು ಸುರಿದರೆ ಸತ್ಯ ಹೆಚ್ಚಾಗುತ್ತೆ ಅಂತಲ್ಲ. 1993ರ ಹಾಲಿವುಡ್ ಚಿತ್ರದಲ್ಲಿ ಲೀ ಬೆನ್ನು ಮುರಿಯೋದು ಕಾಳಗದ ಕೊನೆಗೆ ಬಿದ್ದ ಒದೆಯಿಂದ. ನಿಜಕ್ಕೂ ಬೆನ್ನು ಹೋಗಿದ್ದು 1970ರಲ್ಲಿ, ಭುಜದ ಮೇಲೆ ಬಾರ್‌ಬೆಲ್ ಹೊತ್ತು ಬಾಗೋ ವ್ಯಾಯಾಮ ಮಾಡುವಾಗ. ಆ ಕಾಳಗ, ಕುಂಗ್ ಫೂ ಪಟು ವಾಂಗ್ ಜ್ಯಾಕ್ ಮನ್ ಜೊತೆಗಿನದು, 1964ರಲ್ಲಿ ಅಮೆರಿಕದ ಓಕ್‌ಲ್ಯಾಂಡಿನಲ್ಲಿ ನಡೆದಿತ್ತು.

ಸೆಕೆಂಡ್ ಶೋ:
ತುಟಿ ಒಂದು ಕಡೆ, ಮಾತು ಒಂದು ಕಡೆ ಅಂತ ಯಾರೂ ದೂರೋ ಮುಂಚೆ ಹೇಳಿಬಿಡ್ತೀನಿ: ಆಗ ಹಾಂಗ್‌ಕಾಂಗಿನಲ್ಲಿ ಶೂಟಿಂಗ್ ಸಾಮಾನ್ಯವಾಗಿ ಮೂಕಿಯೇ, ಮಾತು, ಏಟಿನ ಸದ್ದು ಎಲ್ಲ ಆಮೇಲೆ. ಲೀ ಚಿತ್ರಗಳೂ ಹಾಗೇ. 1973ರ ಮೇ 10ರಂದು ಲೀ ಮೊದಲ ಸಲ ಕುಸಿದಿದ್ದೂ ಡಬ್ಬಿಂಗ್ ಕೋಣೆಯಲ್ಲೇ. ಸದ್ದು ಮೈಕಿಗೆ ಬೀಳಬಾರದು ಅಂತ ಎಸಿ ಆರಿಸಿದ್ದರು.

ಅಗ್ಗದ ಕಸುಬನ್ನ ಆಡಿಕೊಳ್ಳೋರು ‘ವೇ ಆಫ್ ದ ಡ್ರ್ಯಾಗನ್’ (1972) ಮತ್ತೆ ನೋಡಿ. ಲೀ ರೋಮಿಗೆ ಹೋಗಿ ಕೊಲೋಸಿಯಂನ ಹೊರನೋಟ, ಓಡಾಟ ತೆಗೆದುಕೊಂಡು ಬಂದರು. ಚಕ್ ನಾರಿಸ್ ಜೊತೆಗಿನ ಹೊಡೆದಾಟದ ಬಹುಭಾಗ ಹಾಂಗ್‌ಕಾಂಗ್ ಸ್ಟುಡಿಯೋದ ಸೆಟ್ಟಿನಲ್ಲಿ, ಹಿಂದೆ ಬಿಡಿಸಿದ ಪರದೆ. ನಿಜವಾದ ಜಾಗದ ಎರಡು ಶಾಟ್ ಮುಂದಿಟ್ಟರೆ ಕಣ್ಣು ಸೆಟ್ಟನ್ನೂ ಒಪ್ಪಿಕೊಳ್ಳುತ್ತೆ.

ಹಳೇರೀಲು:
ಟೈಟಲ್ ನೋಡಿದೆ, ಪಡವಲಕಾಯಿಯೇ. ನಕಲಿ ಲೀಗಳಿಗೆಲ್ಲ ಕರಿ ಕನ್ನಡಕ ಯಾಕೆ?

ಕತ್ತರಿ-ಅಂಟು:
ಮೈಕಟ್ಟು, ಕೂದಲು ಹೊಂದಿಸಬಹುದು, ಕಣ್ಣು ಹೊಂದಿಸೋದು ಕಷ್ಟ. ಅದಕ್ಕೇ ದೊಡ್ಡ ಕನ್ನಡಕ, ಇಲ್ಲವೇ ಬೆನ್ನಿನ ಶಾಟ್. ಇದು ವಿಫಲವಾದರೆ ಏನಾಗುತ್ತೆ ಅಂತ ನೋಡಬೇಕಾ? ಲೀ ಸತ್ತ ಮೇಲೆ ಬದಲಿ ನಟರನ್ನಿಟ್ಟು ಮುಗಿಸಿದ 1978ರ ‘ಗೇಮ್ ಆಫ್ ಡೆತ್’ನಲ್ಲಿ ಕನ್ನಡಿ ಮುಂದೆ ಕೂತ ದೃಶ್ಯದಲ್ಲಿ ನಿಲ್ಲಿಸಿ. ಕನ್ನಡಿಯಲ್ಲಿ ಬದಲಿ ನಟನ ಮುಖ ಇರೋ ಕಡೆ ಲೀ ಮುಖದ ಕಟ್‌ಔಟ್ ಇಟ್ಟಿದ್ದಾರೆ. ನಟ ಅಲುಗಾಡ್ತಾನೆ, ಮುಖ ಅಲುಗಾಡಲ್ಲ.